ರಸ್ತೆ ಮೇಲಿನ ವಿಚಿತ್ರ ಗಾಡಿಗಳು: ನಿಮ್ಮ ಪ್ರಶ್ನೆ, ಬ್ರೇಕ್ ಇನ್‌ಸ್ಪೆಕ್ಟರ್ ಉತ್ತರ

ಹೋದ ತಿಂಗಳು ನಿಮ್ಮನ್ನ ಒಂದೇ ಮಾತು ಕೇಳಿದ್ದೆ, ನಿಮ್ಮೂರ ರಸ್ತೇಲಿ ನೀವು ಕಂಡ, ನೋಡಿದ ಕೂಡ್ಲೆ ಎದೆ ಝಲ್ ಅಂದ ಗಾಡಿ ಯಾವ್ದು ಬರೀರಿ ಅಂತ. ಇಷ್ಟು ಪತ್ರ ಬರ್ತವೆ ಅಂತ ಅಂದ್ಕೊಂಡಿರ್ಲಿಲ್ಲ. ಫೋಟೋ ಕಳ್ಸಿದೋರು ಬೇರೆ. ಮೂವತ್ತು ವರ್ಷ ಗಾಡಿಗಳ ಎಫ್‌ಸಿ, ಅಂದ್ರೆ ಗಾಡಿ ರಸ್ತೆಗೆ ಬಿಡೋಕೆ ಯೋಗ್ಯವಾ ಅನ್ನೋ ತಪಾಸಣೆ, ಮಾಡಿ ರಿಟೈರ್ ಆದೋನು ನಾನು, ಊರಲ್ಲಿ ಈಗ್ಲೂ ಬ್ರೇಕ್ ಇನ್‌ಸ್ಪೆಕ್ಟ್ರು ಅಂತಾನೇ ಕರೀತಾರೆ, ಆದ್ರೂ ಕೆಲವು ಫೋಟೋ ನೋಡಿ ರಾತ್ರಿ ನಿದ್ದೆ ಬರ್ಲಿಲ್ಲ. ಪತ್ರಗಳಲ್ಲಿ ಅರ್ಧಕ್ಕರ್ಧ ಜನ ಆ ಡ್ರೈವರ್‌ಗಳನ್ನ ಬೈದಿದ್ದೀರಿ. ಕೋಪ ಬರೋದು ಸಹಜ, ಆದ್ರೆ ಆ ಗಾಡಿ ಯಾಕೆ ಹಂಗಾಯ್ತು ಅಂತ ನೋಡ್ದೆ ಹೋದ್ರೆ ಸರಿಮಾಡೋ ದಾರೀನೂ ಸಿಗಲ್ಲ, ಅದಕ್ಕೆ ಎರಡನ್ನೂ ಸೇರ್ಸಿ ಬರ್ದಿದ್ದೀನಿ.

ಪ್ರಶ್ನೆ: ಸಾರ್, ನಾನು ರಾತ್ರಿ ಶಿಫ್ಟ್ ಮುಗಿಸ್ಕೊಂಡು ಬೈಕಲ್ಲಿ ಊರಿಗೆ ಬರೋನು. ಕಬ್ಬಿನ ಸೀಜನ್ ಶುರುವಾದ್ರೆ ಒಂದ್ ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್ ಸಿಕ್ಕಿಸ್ಕೊಂಡು ಮನೆ ಎತ್ತರ ಕಬ್ಬು ತುಂಬ್ಕೊಂಡು ಹೋಗ್ತಾರೆ, ಹಿಂದೆ ಒಂದ್ ಲೈಟ್ ಇರಲ್ಲ. ಹೋದ್ ವಾರ ತೀರಾ ಹತ್ರ ಹೋದ್ಮೇಲೆ ಕಾಣಿಸ್ತು, ಬೈಕ್ ಮಣ್ಣಿಗಿಳಿಸಿ ಬಚಾವಾದೆ. ಇವರಿಗೆ ಹೇಳೋರು ಕೇಳೋರು ಇಲ್ವಾ? (ಪಾಂಡವಪುರ ಕಡೆಯ ಓದುಗರು)

ಉತ್ತರ: ನೀವು ಉಳ್ಕೊಂಡ್ರಲ್ಲ, ಅದೇ ಮೊದ್ಲು ಸಮಾಧಾನ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಎಲ್ಲಾ ಇದೇ ಕಥೆ, ಇದರ ಬಗ್ಗೆ ಬಂದಷ್ಟು ಪತ್ರ ಬೇರೆ ಯಾವ್ದರ ಬಗ್ಗೇನೂ ಬಂದಿಲ್ಲ.

ಲೆಕ್ಕ ನೋಡಿ. ನೀವು ಗಂಟೆಗೆ 60 ಕಿಲೋಮೀಟರ್‌ನಲ್ಲಿ ಬರ್ತಿದ್ರೆ ಒಂದ್ ಸೆಕೆಂಡಿಗೆ ಹತ್ತಿರತ್ತಿರ 17 ಮೀಟರ್ ಮುಂದೆ ಹೋಗ್ತೀರಿ. ಡಿಮ್ ಲೈಟಲ್ಲಿ ಬೈಕಿಗೆ ಚೆನ್ನಾಗಿ ಕಾಣೋದು ಮೂವತ್ತು ನಲ್ವತ್ತು ಮೀಟರ್. ಅಂದ್ರೆ ನಿಮ್ಗೆ ಸಿಗೋದು ಎರಡು ಸೆಕೆಂಡ್, ಅದ್ರಲ್ಲಿ ಒಂದು ಸೆಕೆಂಡು ಅದೇನು ಅಂತ ಗುರುತು ಹಿಡಿಯೋಕೇ ಹೋಯ್ತು. ಎದುರಿಂದ ಒಂದ್ ಲಾರಿ ಲೈಟ್ ಕಣ್ಣಿಗೆ ಬಿದ್ರೆ ಅದೂ ಇಲ್ಲ. ಕಬ್ಬಿನ ಸೋಗೆ ಒಣಗಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತೆ, ಬೆಳಕು ಬಿದ್ರೂ ವಾಪಸ್ ಬರಲ್ಲ. ಟ್ರೇಲರ್ ಹಿಂದಿನ ಪಾಟಿಗೆ, ಅಂದ್ರೆ ಹಿಂಬದಿಯ ಹಲಗೆಗೆ, ರಿಫ್ಲೆಕ್ಟರ್ ಟೇಪು ಹಚ್ಚಿದ್ರೂ ಅದರ ಮೇಲೆ ಸೋಗೆ ಜೋತಾಡ್ತಿರುತ್ತಲ್ಲ, ಎಲ್ಲಾ ಮುಚ್ಚೋಗುತ್ತೆ.

ಇನ್ನು ಬ್ರೇಕ್. ತುಂಬಾ ಟ್ರೇಲರ್‌ಗಳಿಗೆ ಬ್ರೇಕೇ ಇರಲ್ಲ, ಅಷ್ಟೂ ಭಾರ ನಿಲ್ಲಿಸ್ಬೇಕಾಗಿರೋದು ಟ್ರ್ಯಾಕ್ಟರ್‌ನ ಹಿಂದಿನ ಎರಡು ಗಾಲಿ. ಟ್ರ್ಯಾಕ್ಟರ್‌ಗೆ ಎಡ ಬಲ ಅಂತ ಎರಡು ಬ್ರೇಕ್ ಪೆಡಲ್ ಇರ್ತವೆ, ಹೊಲದಲ್ಲಿ ತಿರುವು ತಗೊಳ್ಳೋಕೆ ಒಂದನ್ನೇ ತುಳೀತಾರೆ. ರೋಡಿಗೆ ಬಂದಾಗ ಎರಡನ್ನೂ ಸೇರ್ಸೋ ಒಂದು ಕೊಂಡಿ ಇದೆ, ಅದನ್ನ ಹಾಕ್ಲೇಬೇಕು. ಮರೆತು ಹಾಗೇ ಬಂದು ಗಾಬರಿಲಿ ಒಂದೇ ಪೆಡಲ್ ತುಳಿದ್ರೆ ಒಂದು ಗಾಲಿ ಹಿಡಿಯುತ್ತೆ ಇನ್ನೊಂದು ಓಡುತ್ತೆ, ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚುತ್ತೆ, ಹಿಂದಿನ ಟ್ರೇಲರ್ ಬಂದು ಅದರ ಮೇಲೇರುತ್ತೆ. ನಾನು ಚೆಕ್ ಮಾಡಿದ ಒಂದು ಟ್ರೇಲರ್‌ನಲ್ಲಿ ಕೊಕ್ಕೆಗೆ ಪಿನ್ನೇ ಇರ್ಲಿಲ್ಲ. ಅದರ ಬದ್ಲು ಮೋಲ್ಡಿಂಗ್‌ಗೆ ಹಾಕೋ ಹೆಬ್ಬೆರಳು ದಪ್ಪದ ಕಂಬಿ ಬಗ್ಗಿಸಿ ತೂರ್ಸಿ, ಮೇಲೆ ಹಾರದೇ ಇರ್ಲಿ ಅಂತ ಹರಿದ ಸೈಕಲ್ ಟ್ಯೂಬ್ ಕಟ್ಟಿದ್ರು. ಆ ಕಂಬಿ ನಡುವೆ ಸವೆದು ಪೆನ್ಸಿಲ್ ಥರ ಆಗಿತ್ತು. ಡ್ರೈವರ್‌ಗೆ ಇನ್ನೂ ಇಪ್ಪತ್ತು ತುಂಬಿರ್ಲಿಲ್ಲ ಅನ್ಸುತ್ತೆ, ಕೈಗೆ ತಗೊಂಡು ನೋಡಿ ಮಾತೇ ಆಡ್ಲಿಲ್ಲ.

ಯಾಕೆ ಹಿಂಗೆ ಅಂದ್ರೆ ಬಾಡಿಗೆ ಟನ್ ಲೆಕ್ಕ. ಒಂದ್ ಸಲಕ್ಕೆ ಎಷ್ಟು ಜಾಸ್ತಿ ಹೋದ್ರೆ ಅಷ್ಟು ಉಳೀತು ಅಂತ. ಫ್ಯಾಕ್ಟರಿ ಗೇಟಲ್ಲಿ ಸಾಲು ನಿಂತು ನಿಂತು ನಿದ್ದೆಗೆಟ್ಟಿರ್ತಾರೆ, ಎಚ್ಚರ ಇರೋಕೆ ಅಂತ ಬಾಕ್ಸ್ ಹಾಕಿ ಜೋರಾಗಿ ಹಾಡು ಹಚ್ತಾರೆ, ಹಿಂದಿನೋರು ಹಾರ್ನ್ ಹೊಡೆದ್ರೆ ಕೇಳಲ್ಲ. ಕಾನೂನು ಇಲ್ದೆ ಏನಿಲ್ಲ, ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆ 194ನೇ ಸೆಕ್ಷನ್, ಲೈಟು ರಿಫ್ಲೆಕ್ಟರ್‌ಗೆ ಬೇರೆ ನಿಯಮ. ಆದ್ರೆ ನನ್ನ ಅನುಭವದಲ್ಲಿ ಕೆಲಸ ಆಗೋ ಜಾಗ ಫ್ಯಾಕ್ಟರಿ ಗೇಟು. ಹಿಂದೆ ಕೆಂಪು ಲೈಟ್ ಇಲ್ದಿರೋ ಟ್ರ್ಯಾಕ್ಟರ್‌ಗೆ ತೂಕದ ಚೀಟಿ ಕೊಡಲ್ಲ ಅಂತ ಒಂದ್ ಮಾತು ಹೇಳಿದ್ರೆ ಮಾರನೇ ದಿನ ಎಲ್ರೂ ಲೈಟ್ ಹಾಕ್ಕೊಂಡು ಬರ್ತಾರೆ. ನಿಮ್ಮೂರಲ್ಲಿ ಕಬ್ಬು ಬೆಳೆಯೋರ ಸಂಘ ಇದ್ರೆ ಅಲ್ಲಿ ಈ ಮಾತು ಎತ್ತಿ. ಅಲ್ಲೀವರ್ಗೆ, ಒಂದಡಿ ತಗಡಿಗೆ ಕೆಂಪು ಟೇಪ್ ಹಚ್ಚಿ, ಬ್ಯಾಟರಿದೊಂದು ಮಿಣಮಿಣ ಲೈಟ್ ಕಟ್ಟಿ, ಲೋಡ್ ಎಲ್ಲಾ ಆದ್ಮೇಲೆ ಸೋಗೆ ಮೇಲಿಂದ ಹಗ್ಗದಲ್ಲಿ ಇಳಿಬಿಡೋಕೆ ಹೇಳಿ. ಪಾಟಿಗೆ ಹಚ್ಚಿದ್ದು ಮುಚ್ಚೋಗುತ್ತೆ, ಇದು ಮುಚ್ಚಲ್ಲ.

ಪ್ರಶ್ನೆ: ನಮ್ಮ ಕಡೆ ಮದ್ವೆ, ದೇವಸ್ಥಾನ ಎಲ್ಲಾದಕ್ಕೂ ಪವರ್ ಟಿಲ್ಲರ್ ಹಿಂದೆ ಟ್ರೇಲರ್ ಕಟ್ಕೊಂಡು ಮನೆಮಂದಿನೆಲ್ಲಾ ಕೂರಿಸ್ಕೊಂಡು ಹೋಗ್ತಾರೆ. ನಿಧಾನ ಹೋಗುತ್ತಲ್ಲ, ಏನೂ ಆಗಲ್ಲ ಅಂತಾರೆ ನಮ್ಮ ಮಾವ. ಹೌದಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ನಿಮ್ಮ ಮಾವನವರಿಗೆ ಇದನ್ನ ಓದಿ ಹೇಳಮ್ಮ, ಅವರ ಮೇಲಿನ ಗೌರವದಿಂದ್ಲೇ ಬರೀತಿದ್ದೀನಿ. ನಿಧಾನ ಹೋಗುತ್ತೆ ನಿಜ, ಆದ್ರೆ ಅದು ಸಮತಟ್ಟು ಗದ್ದೆ ಬಯಲಲ್ಲಿ. ಮಲೆನಾಡಿನ ಇಳಿಜಾರಲ್ಲಿ ಟಿಲ್ಲರ್ ಬೇರೆ ಥರಾನೇ ನಡ್ಕೊಳ್ಳುತ್ತೆ.

ಟಿಲ್ಲರ್‌ಗೆ ಸ್ಟೇರಿಂಗ್ ಇಲ್ಲ. ಎರಡು ಹಿಡಿಕೆ, ಒಂದೊಂದು ಹಿಡಿಕೆ ಕೆಳಗೆ ಒಂದೊಂದು ಸೈಡ್ ಕ್ಲಚ್. ಎಡಗಡೆ ಕ್ಲಚ್ ಒತ್ತಿದ್ರೆ ಎಡಗಾಲಿಗೆ ಇಂಜಿನ್ ಸಂಪರ್ಕ ತಪ್ಪುತ್ತೆ, ಬಲಗಾಲಿ ಮಾತ್ರ ತಳ್ಳುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ಇದು ಸಮತಟ್ಟಲ್ಲಿ, ಏರಲ್ಲಿ. ಇಳಿಜಾರಲ್ಲಿ ಹಿಂದಿನ ಟ್ರೇಲರ್ ಭಾರ ಟಿಲ್ಲರನ್ನ ದೂಡ್ತಿರುತ್ತೆ, ಇಂಜಿನ್ನು ಗಾಲಿನ ಹಿಡ್ಕೊಂಡಿರುತ್ತೆ. ಆಗ ಎಡ ಕ್ಲಚ್ ಒತ್ತಿದ್ರೆ ಎಡಗಾಲಿ ಬಿಟ್ಕೊಂಡು ಜೋರಾಗಿ ಉರುಳುತ್ತೆ, ಬಲಗಾಲಿ ಇನ್ನೂ ಇಂಜಿನ್ ಹಿಡಿತದಲ್ಲೇ ಇರುತ್ತೆ, ಗಾಡಿ ಬಲಕ್ಕೆ ಹೋಗುತ್ತೆ! ಎಡಕ್ಕೆ ಅಂತ ಒತ್ತಿದೋನು ಬಲಕ್ಕೆ ಹೋಗ್ತಾನೆ. ಹಳಬರಿಗೆ ಇದು ಕೈಗೆ ಬಂದಿರುತ್ತೆ, ಆದ್ರೆ ಮದ್ವೆ ಮನೆಗೆ ಹೊರಟಾಗ ಹಿಡಿಕೆ ಹಿಡಿಯೋದು ಮನೆಯ ಹುಡುಗ್ರು, ಎದುರಿಂದ ಬಸ್ ಬಂದಾಗ ಅವರ ಕೈ ಅಭ್ಯಾಸದಲ್ಲಿ ಕ್ಲಚ್ಚಿಗೇ ಹೋಗುತ್ತೆ. ಒಂದ್ ಪಕ್ಕ ಧರೆ, ಒಂದ್ ಪಕ್ಕ ಕಣಿವೆ, ನಿಮ್ಗೆ ಬೇರೆ ಹೇಳ್ಬೇಕಾಗಿಲ್ಲ.

ಗೊಬ್ಬರ, ಅಡಿಕೆ, ಹುಲ್ಲು ಸಾಗ್ಸೋಕೆ ಟಿಲ್ಲರ್ ಇರ್ಲಿ. ಇಳಿಜಾರು ಶುರುವಾಗೋ ಮುಂಚೇನೇ ಕಡಿಮೆ ಗೇರಿಗೆ ಹಾಕ್ಬೇಕು, ನ್ಯೂಟ್ರಲ್ ಮಾಡ್ಲೇಬಾರ್ದು, ಸೈಡ್ ಕ್ಲಚ್ ಮುಟ್ದೆ ಹಿಡಿಕೆ ತಳ್ಳಿ ತಿರುಗಿಸ್ಬೇಕು, ಟ್ರೇಲರ್‌ನ ಕಾಲು ಬ್ರೇಕ್ ವರ್ಷಕ್ಕೊಂದ್ ಸಲ ಬಿಚ್ಚಿ ನೋಡಿಸ್ಬೇಕು. ಮಕ್ಕಳು ಹೆಂಗಸರನ್ನ ಕೂರಿಸ್ಕೊಂಡು ಘಟ್ಟ ಇಳಿಯೋದು ಬೇಡ. ಒಂದು ದಿನಕ್ಕೆ ಜೀಪು ಬಾಡಿಗೆಗೆ ತಗೊಂಡ್ರೆ ಮನೆಗೊಂದಿಷ್ಟು ಅಂತ ಹಂಚ್ಕೋಬೋದು.

ಪ್ರಶ್ನೆ: ನಮ್ಮ ಕಡಿಂದ ಬೆಂಗಳೂರಿಗೆ ದುಡಿಯಾಕ ಹೋಗೋ ಮಂದಿ ಕ್ರೂಸರ್ ಜೀಪಿನ್ಯಾಗ ಇಪ್ಪತ್ತು ಇಪ್ಪತ್ತೈದು ಮಂದಿ ಹೋಗ್ತಾರ್ರಿ, ಟಾಪ್ ಮ್ಯಾಲೂ ಕುಂತಿರ್ತಾರ. ಹೊಲದ ಕೆಲಸಕ್ಕ ಅಂದ್ರ ಮೂರು ಗಾಲಿ ಟಂಟಂ ತುಂಬ ಹೆಣ್ಮಕ್ಕಳು. ಏನಾರ ಆದ್ರ ಇನ್ಶೂರೆನ್ಸ್ ಬರ್ತದೇನ್ರಿ? (ಲಿಂಗಸುಗೂರಿನ ಓದುಗರು)

ಉತ್ತರ: ಅಣ್ಣಾರೆ, ನಿಮ್ಮ ಪತ್ರ ಓದಿದ ಕೂಡ್ಲೆ ನೆನಪಿಗೆ ಬಂದಿದ್ದು 2022ರ ಆಗಸ್ಟ್ 25ರ ಬೆಳಗಿನ ಜಾವ. ಶಿರಾ ತಾಲ್ಲೂಕಲ್ಲಿ, ಕಳ್ಳಂಬೆಳ್ಳ ಹತ್ರ ಹೆದ್ದಾರೀಲಿ ಕ್ರೂಸರ್‌ಗೂ ಲಾರಿಗೂ ಡಿಕ್ಕಿಯಾಗಿ 9 ಜನ ಹೋದ್ರು, ನಿಮ್ಮ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದೋರು. ಆ ಗಾಡೀಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ರು. 2025ರ ಜನವರಿ 22ಕ್ಕೆ ಯಲ್ಲಾಪುರ ಹತ್ರ ಸವಣೂರಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಕಣಿವೆಗೆ ಬಿದ್ದು 10 ಜನ ಹೋದ್ರು, ಲೋಡಿನ ಜೊತೆಗೇ ಕೂತಿದ್ದ ವ್ಯಾಪಾರಿಗಳು. ಈ ಎರಡು ಸುದ್ದಿ ಓದಿದಾಗ್ಲೂ ನಾನು ಕೇಳ್ಕೊಂಡಿದ್ದು ಒಂದೇ, ಆ ಗಾಡಿ ಎಷ್ಟು ಚೆಕ್‌ಪೋಸ್ಟ್, ಎಷ್ಟು ಟೋಲ್ ದಾಟಿ ಬಂದಿರ್ಬೋದು, ನಮ್ಮ ಇಲಾಖೆಯೋರು ಒಬ್ರಾದ್ರೂ ಕೈ ಅಡ್ಡ ಇಟ್ಟಿದ್ರೆ?

ಇನ್ಶೂರೆನ್ಸ್ ವಿಷ್ಯ ಬಿಡಿಸಿ ಹೇಳ್ತೀನಿ, ಇದು ಎಲ್ಲರಿಗೂ ಗೊತ್ತಾಗ್ಬೇಕು. ಪ್ಯಾಸೆಂಜರ್ ಗಾಡಿ ಆಗಿದ್ರೆ ಆರ್‌ಸಿಲಿ ಎಷ್ಟು ಸೀಟ್ ಬರ್ದಿದೆಯೋ ಅಷ್ಟು ಜನರ ಲೆಕ್ಕಕ್ಕೆ ಪಾಲಿಸಿ ಇರುತ್ತೆ. 12 ಸೀಟಿನ ಗಾಡೀಲಿ 24 ಜನ ಕೂತ್ರೆ ಪರಿಹಾರಕ್ಕೆ ಕೋರ್ಟಲ್ಲಿ ವರ್ಷಗಟ್ಟಲೆ ಗುದ್ದಾಡ್ಬೇಕಾಗುತ್ತೆ. ಗೂಡ್ಸ್ ಗಾಡಿ ಆದ್ರೆ ಇನ್ನೂ ಕಷ್ಟ. 1994ರ ತಿದ್ದುಪಡಿ ಪ್ರಕಾರ ಗೂಡ್ಸ್ ಗಾಡೀಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಹೋಗ್ತಿದ್ರೆ ಅವರಿಗೆ ರಕ್ಷಣೆ ಇದೆ. ಸುಮ್ನೆ ಹತ್ತಿಕೊಂಡು ಹೋಗೋ ಪ್ರಯಾಣಿಕರ ಹೊಣೆ ವಿಮಾ ಕಂಪನೀದಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಕೂಲಿಗೆ ಅಂತ ಗೂಡ್ಸ್ ಟಂಟಂ ಹತ್ತಿದ ಹೆಣ್ಮಗಳಿಗೆ ಏನಾದ್ರೂ ಆದ್ರೆ ಆ ಮನೆಯೋರು ಗಾಡಿ ಮಾಲೀಕನ ಹತ್ರಾನೇ ಕೇಳ್ಬೇಕು, ಅವನ ಹತ್ರ ಇರೋದು ಆ ಟಂಟಂ ಒಂದೇ.

ದಂಡ ಹಾಕಿದ್ರೆ ನಿಲ್ಲುತ್ತೆ ಅಂತ ನಾನು ಹೇಳಲ್ಲ. ಕಾಯ್ದೆಲಿ ಹೆಚ್ಚುವರಿ ಪ್ರಯಾಣಿಕರಿಗೆ ತಲೆಗೆ 200 ರೂಪಾಯಿ ಅಂತ ಇದೆ, ಆ ದುಡ್ಡು ಕೊನೆಗೆ ಕೂಲಿಯೋರ ಜೇಬಿಂದಾನೇ ಹೋಗುತ್ತೆ. ಕರ್ಕೊಂಡು ಹೋಗೋ ಮೇಸ್ತ್ರಿ, ಕರೆಸಿಕೊಳ್ಳೋ ಕಂಟ್ರಾಕ್ಟರ್ ಇದ್ದಾರಲ್ಲ, ಬಸ್ ಚಾರ್ಜು ಅವ್ರು ಕೊಡ್ಬೇಕು, ಮುಂಗಡ ಮಾತಾಡೋವಾಗ್ಲೇ ಇದನ್ನೂ ಮಾತಾಡ್ಕೊಳ್ಳಿ. ನಿಮ್ಮೂರಿಂದ ಒಂದೇ ದಿನ ನಲ್ವತ್ತು ಐವತ್ತು ಜನ ಹೊರಡೋದಿದ್ರೆ ಡಿಪೋಗೆ ಹೋಗಿ ಒಪ್ಪಂದದ ಮೇಲೆ ಸರ್ಕಾರಿ ಬಸ್ ಕೇಳ್ಬೋದು, ಕೊಡ್ತಾರೆ. ಅದೂ ಆಗ್ಲಿಲ್ಲ ಅಂದ್ರೆ ಟಾಪ್ ಮೇಲೆ ಮಾತ್ರ ಯಾರನ್ನೂ ಹತ್ತಿಸ್ಬೇಡಿ. ಮೇಲೆ ಭಾರ ಜಾಸ್ತಿಯಾದಷ್ಟೂ ಗಾಡಿ ತೂಗುತ್ತೆ, ಒಂದ್ ತಿರುವಲ್ಲಿ ಬ್ರೇಕ್ ಒತ್ತಿದ್ರೆ ಪಲ್ಟಿ. ರಾತ್ರಿ ಎರಡರಿಂದ ಐದು ಗಂಟೆ ಒಳಗೆ ಗಾಡಿ ನಿಲ್ಲಿಸಿ ಡ್ರೈವರ್‌ಗೆ ಮಲಗೋಕೆ ಬಿಡಿ, ಬೆಂಗಳೂರಿಗೆ ಎರಡು ತಾಸು ತಡವಾಗಿ ಹೋದ್ರೆ ಕೆಲಸ ಎಲ್ಲೂ ಹೋಗಲ್ಲ.

ಪ್ರಶ್ನೆ: ಲಗೇಜ್ ಆಟೋದಲ್ಲಿ ಕಬ್ಬಿಣದ ಕಂಬಿ ಹಾಕ್ಕೊಂಡು ಹೋಗ್ತಾರೆ, ಆಟೋಗಿಂತ ಕಂಬಿನೇ ಉದ್ದ. ತುದಿಗೊಂದು ಕೆಂಪು ಬಟ್ಟೆ ಕಟ್ಟಿದ್ರೆ ಸಾಕು ಅಂತ ರೂಲ್ಸ್ ಇದೆಯಂತೆ, ನಿಜಾನಾ? (ತುಮಕೂರಿನ ಓದುಗರು)

ಉತ್ತರ: ಅದು ಹಳೇ ಕಾಲದ ಮಾತು. ಮೊದ್ಲು ಹಿಂದಕ್ಕೆ ಒಂದು ಮೀಟರ್ ತನಕ ಚಾಚೋಕೆ ಬಿಡ್ತಿದ್ರು, 2014ರಲ್ಲಿ ಅದನ್ನ ತೆಗೆದುಹಾಕಿದ್ರು. ಈಗ ಸರಕು ಬಾಡಿಯಿಂದ ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ಚಾಚ್ಕೊಂಡಿರಂಗಿಲ್ಲ, ಬಟ್ಟೆ ಕಟ್ಟಿದ್ರೂ ಇಲ್ಲ. 2019ರ ತಿದ್ದುಪಡಿ ಆದ್ಮೇಲೆ ಕಾಯ್ದೆಲಿ ಇದಕ್ಕೆ 20,000 ರೂಪಾಯಿ ದಂಡ ಅಂತ ಇದೆ, ಜೊತೆಗೆ ಸರಕು ಇಳಿಸೋ ಖರ್ಚು.

ಕಂಬಿ ಅಪಾಯ ಯಾಕಂದ್ರೆ ಹಿಂದಿಂದ ಬರೋನಿಗೆ ಅದರ ಉದ್ದ ಕಾಣ್ಸೋದೇ ಇಲ್ಲ. ಪಕ್ಕದಿಂದ ನೋಡಿದ್ರೆ ಹತ್ತಡಿ ಕಂಬಿ, ನೇರ ಹಿಂದಿಂದ ನೋಡಿದ್ರೆ ಒಂದು ಕಡ್ಲೆಕಾಳಿನಷ್ಟು ಚುಕ್ಕೆ. ಆಟೋ ಹಿಂಭಾಗ ಇನ್ನೂ ದೂರ ಇದೆ ಅಂತ ಅಂದ್ಕೊಂಡಿರ್ತೀರಿ, ಕಂಬಿ ತುದಿ ಆಗ್ಲೇ ಎದೆ ಮಟ್ಟದಲ್ಲಿ ಇರುತ್ತೆ. ಕೆಂಪು ಬಟ್ಟೆಗೆ ರಾತ್ರಿ ಬಣ್ಣಾನೇ ಇಲ್ಲ.

ಮನೆ ಕಟ್ಟಿಸ್ತಿರೋರು ದಯವಿಟ್ಟು ಕೇಳಿಸ್ಕೊಳ್ಳಿ. ಕಂಬಿ ಬರೋದು 12 ಮೀಟರ್, ನಲ್ವತ್ತಡಿ ಉದ್ದ. ಲಗೇಜ್ ಆಟೋದ ಡೆಕ್ಕು ಅದರ ಕಾಲು ಭಾಗಾನೂ ಇರಲ್ಲ. ನಡುವೆ ಮಡಚಿದ್ರೂ ಇಪ್ಪತ್ತಡಿ ಆಯ್ತು. ಅಂಗಡಿಯೋರು ಉದ್ದ ಬಾಡಿ ಲಾರೀಲಿ ಕಳ್ಸಿಕೊಡ್ತಾರೆ, ಬಾಡಿಗೆ ಸ್ವಲ್ಪ ಜಾಸ್ತಿ. ಇಲ್ಲಾಂದ್ರೆ ಬಾರ್ ಬೆಂಡಿಂಗ್ ಮೇಸ್ತ್ರಿ ಹತ್ರ ಮೊದ್ಲೇ ಅಳತೆ ಬರೆಸ್ಕೊಂಡು ಅಂಗಡೀಲೇ ಕತ್ತರಿಸಿ ತಗೊಳ್ಳಿ. ಆಟೋದೋನು ನಿಮ್ಮ ಮಾತಿಗೆ ಹೊರಟಿರ್ತಾನೆ, ಚೌಕಾಸಿ ಮಾಡಿ ಆಟೋದಲ್ಲೇ ತುರುಕಿ ಕಳ್ಸಿದೋರು ನಾವೇ ಅಲ್ವಾ?

ಪ್ರಶ್ನೆ: ನನ್ನ ಮಗಳ ಸ್ಕೂಲ್ ಆಟೋದಲ್ಲಿ ಹನ್ನೊಂದು ಮಕ್ಕಳು. ಡ್ರೈವರ್ ಒಳ್ಳೆಯವರು, ನಾಲ್ಕು ವರ್ಷದಿಂದ ಬರ್ತಿದ್ದಾರೆ. ಹೇಗೆ ಹೇಳ್ಲಿ? (ಬೆಂಗಳೂರಿನ ಓದುಗರು)

ಉತ್ತರ: ಒಳ್ಳೆಯವರಾಗಿರೋದ್ರಿಂದ ಹೇಳೋದು ಸುಲಭ. ನಾಳೆ ಬೆಳಗ್ಗೆ ಆಟೋ ಬಂದಾಗ ಡ್ರೈವರ್ ಸೀಟ್ ಕಡೆ ಸರಿಯಾಗಿ ನೋಡಿ. ಅವರ ಆ ಪಕ್ಕ ಈ ಪಕ್ಕ ಮಕ್ಕಳು ಕೂತಿರ್ತಾರೆ. ಆಟೋ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಅದು ಮಗು ಮಂಡಿಗೆ ತಾಗುತ್ತೆ, ಅಂದ್ರೆ ತುರ್ತಿಗೆ ಪೂರ್ತಿ ತಿರುಗಿಸೋಕೆ ಆಗಲ್ಲ. ಒಳಗಡೆ ಸೀಟಿಗೆ ಎದುರಾಗಿ ಒಂದು ಹಲಗೆ ಹಾಕಿರ್ತಾರಲ್ಲ, ಅದನ್ನ ಎತ್ತಿ ನೋಡಿ, ಬೋಲ್ಟ್ ಇದೆಯಾ ಸುಮ್ನೆ ಸಿಕ್ಕಿಸಿದ್ದಾರಾ ಅಂತ. ಹೊರಗಡೆ ಕೊಕ್ಕೆಗೆ ಹನ್ನೊಂದು ಬ್ಯಾಗು ನೇತಾಡ್ತವೆ, ಪಕ್ಕದಲ್ಲಿ ಹೋಗೋ ಬೈಕ್ ಹ್ಯಾಂಡಲ್‌ಗೆ ಒಂದು ಬ್ಯಾಗ್ ಪಟ್ಟಿ ಸಿಕ್ಕಿದ್ರೆ ಸಾಕು. ಆಟೋ ಆರ್‌ಸಿಲಿ ಇರೋದು ಡ್ರೈವರ್ ಬಿಟ್ಟು ಮೂರು ಜನ. ಮಕ್ಕಳು ಚಿಕ್ಕೋರು ಅಂತ ಸ್ವಲ್ಪ ಹೆಚ್ಚು ಕಮ್ಮಿ ಮಾಡ್ಕೊಂಡ್ರೂ ಹನ್ನೊಂದು ಯಾವ ಲೆಕ್ಕಕ್ಕೂ ಬರಲ್ಲ.

ನೀವೊಬ್ರೇ ಹೇಳಿದ್ರೆ ಅವರು ನಿಮ್ಮ ಮಗೂನ ಬಿಟ್ಟು ಬೇರೆ ಮಗು ಹತ್ತಿಸ್ಕೊಳ್ತಾರೆ. ಹನ್ನೊಂದು ಮನೆಯೋರೂ ಒಂದು ಭಾನುವಾರ ಸೇರಿ, ಡ್ರೈವರನ್ನೂ ಕರೆದು ಕೂರಿಸಿ ಕಾಫಿ ಕೊಟ್ಟು ಕೇಳಿ, ಎರಡು ಟ್ರಿಪ್ ಮಾಡೋಕೆ ಎಷ್ಟು ಬೇಕು ಅಂತ. ಅವರೂ ಗ್ಯಾಸು, ಸಾಲದ ಕಂತು ಲೆಕ್ಕ ಹಾಕಿ ಹೇಳ್ತಾರೆ. ಮುಂದಿನ ಸೀಟಲ್ಲಿ ಮಗು ಬೇಡ, ಬ್ಯಾಗ್ ಒಳಗೆ, ಈ ಎರಡು ಮಾತು ಮಾತ್ರ ಅವತ್ತಿಂದಾನೇ ಜಾರಿಗೆ ಬರ್ಬೇಕು.

ಪ್ರಶ್ನೆ: ಹೊಸ ಕಾರಿಗೆ ಎಲ್‌ಇಡಿ ಬಲ್ಬು ಮತ್ತೆ ಮುಂದಿನ ಬಂಪರ್‌ಗೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸ್ಬೇಕು ಅಂತ ಇದ್ದೀನಿ. ಪೊಲೀಸ್ರು ಹಿಡೀತಾರಾ? (ಹಾಸನದ ಓದುಗರು)

ಉತ್ತರ: ಹಿಡೀತಾರೆ. ಕಣ್ಣು ಕುಕ್ಕೋ ಲೈಟಿನ ಮೇಲೆ 2024ರ ಜುಲೈಯಿಂದ ರಾಜ್ಯದಲ್ಲೆಲ್ಲಾ ಕೇಸ್ ಹಾಕೋಕೆ ಶುರುಮಾಡಿದ್ದಾರೆ. ಬುಲ್ ಗಾರ್ಡ್ ಕಾನೂನುಬಾಹಿರ, ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಹಿಡಿಯೋದು ಬಿಡಿ, ಹಾಲೋಜನ್ ಬಲ್ಬಿಗೆ ಅಂತ ಮಾಡಿದ ಹೆಡ್‌ಲೈಟ್ ಡೂಮಿಗೆ ಎಲ್‌ಇಡಿ ಹಾಕಿದ್ರೆ ಬೆಳಕು ಹುಟ್ಟೋ ಜಾಗಾನೇ ಬದಲಾಗುತ್ತೆ, ರಸ್ತೆಗೆ ಬೀಳ್ಬೇಕಾದ ಬೆಳಕು ಎದುರಿನೋನ ಕಣ್ಣಿಗೆ ಹೋಗುತ್ತೆ. ಸಂಶಯ ಇದ್ರೆ ಸಂಜೆ ಕಾರನ್ನ ಗೋಡೆ ಎದುರು ನಿಲ್ಲಿಸಿ ಡಿಮ್ ಹಾಕಿ ನೋಡಿ. ಕಂಪನಿ ಬಲ್ಬಲ್ಲಿ ಬೆಳಕಿನ ಮೇಲೆ ಒಂದು ಗೆರೆ ಕೊರೆದಂಗೆ ಕಾಣುತ್ತೆ, ಅದರ ಮೇಲಕ್ಕೆ ಕತ್ತಲೆ. ಹೊರಗಿಂದ ತಂದ ಎಲ್‌ಇಡಿಲಿ ಗೋಡೆ ತುಂಬ ಬೆಳಕು. ಬುಲ್ ಗಾರ್ಡ್ ಹಾಕಿದ್ರೆ ಡಿಕ್ಕಿಯ ಪೆಟ್ಟು ಸೆನ್ಸರ್‌ಗೆ ಸರಿಯಾಗಿ ತಲುಪದೆ ಏರ್‌ಬ್ಯಾಗ್ ಟೈಮಿಗೆ ಬಿಚ್ದೇ ಇರ್ಬೋದು, ಕಾರಿನ ಮುಂಭಾಗ ನಜ್ಜಾಗಿ ಪೆಟ್ಟು ತಿನ್ಬೇಕು, ಅದೂ ಆಗಲ್ಲ. ಆ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸ್ಕೊಳ್ಳಿ.

ಪ್ರಶ್ನೆ: ನಮ್ಮಣ್ಣನಿಗೆ ಪೋಲಿಯೋ. ಸ್ಕೂಟರ್‌ಗೆ ಹಿಂದೆ ಎರಡು ಪಕ್ಕ ಗಾಲಿ ಹಾಕ್ಸಿ ಓಡಿಸ್ತಾರೆ. ಎಲ್ರೂ ವಿಚಿತ್ರವಾಗಿ ನೋಡ್ತಾರೆ, ಇದು ಕಾನೂನು ಪ್ರಕಾರ ತಪ್ಪು ಅಂತ ಒಬ್ರು ಹೆದರ್ಸಿದ್ದಾರೆ. (ಕುಂದಾಪುರದ ಓದುಗರು)

ಉತ್ತರ: ತಪ್ಪಲ್ಲ, ಖಂಡಿತ ತಪ್ಪಲ್ಲ. ಅಂಗವಿಕಲರಿಗೋಸ್ಕರ ಗಾಡಿ ಬದಲಾಯಿಸ್ಕೊಳ್ಳೋಕೆ ಕಾಯ್ದೆಲೇ ಅವಕಾಶ ಇದೆ, ನಮ್ಮ ರಾಜ್ಯ ಸರ್ಕಾರಾನೇ ಅಂಥ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡೋ ಯೋಜನೆ ನಡೆಸ್ತಿದೆ. ಮಾಡ್ಬೇಕಾಗಿರೋದು ಇಷ್ಟು, ಗಾಲಿ ಹಾಕ್ಸಿದ ಮೇಲೆ ಆರ್‌ಟಿಓಗೆ ಗಾಡಿ ತೋರ್ಸಿ ಆರ್‌ಸಿಲಿ ಬರೆಸ್ಬೇಕು, ಅಣ್ಣನ ಲೈಸೆನ್ಸೂ ಅದೇ ವರ್ಗದಲ್ಲಿ ಆಗ್ಬೇಕು, ಇನ್ಶೂರೆನ್ಸ್‌ನೋರಿಗೂ ತಿಳಿಸ್ಬೇಕು. ಇಂಥ ಗಾಡಿ ನನ್ನ ಮುಂದೆ ಎಷ್ಟೋ ಬಂದಿದ್ವು, ಅವರಷ್ಟು ಹುಷಾರಾಗಿ ಓಡಿಸೋರನ್ನ ನಾನು ಕಂಡಿಲ್ಲ. ಒಂದೇ ಎಚ್ಚರಿಕೆ, ಪಕ್ಕದ ಗಾಲಿ ಹಾಕಿದ ಸ್ಕೂಟರ್ ತಿರುವಲ್ಲಿ ವಾಲಲ್ಲ, ಹಾಗಾಗಿ ತಿರುವಿಗೆ ಬರೋ ಮುಂಚೇನೇ ನಿಧಾನ ಮಾಡ್ಬೇಕು. ಗಾಲಿ ಕಂಬಿಯ ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ ಅಂತ ಆಗಾಗ ನೋಡಿ, ನಿಮ್ಮ ಕರಾವಳಿ ಉಪ್ಪು ಗಾಳಿಗೆ ತುಕ್ಕು ಬೇಗ ಹಿಡಿಯುತ್ತೆ.

ಪ್ರಶ್ನೆ: ನಾಟಿ ಟೈಮಲ್ಲಿ ಕೇಜ್ ವೀಲ್ ಹಾಕಿರೋ ಟ್ರ್ಯಾಕ್ಟರ್ ಡಾಂಬರ್ ರೋಡ್ ಮೇಲೇ ಓಡಾಡ್ತವೆ. (ಗಂಗಾವತಿಯ ಓದುಗರು)

ಉತ್ತರ: ರೋಡ್ ಕಿತ್ತುಹೋಗೋದು ನಿಮಗೆ ಕಾಣ್ತಿದೆ, ಕಾಣದ್ದು ಇನ್ನೊಂದಿದೆ. ಕೆಸರಿಗೆ ಮಾಡಿದ ಕಬ್ಬಿಣದ ಗಾಲಿಗೆ ಡಾಂಬರ್ ಮೇಲೆ ಹಿಡಿತ ಇಲ್ಲ, ಬ್ರೇಕ್ ಹಿಡಿದ್ರೂ ಜಾರ್ಕೊಂಡೇ ಹೋಗುತ್ತೆ. ಕೇಜ್ ವೀಲನ್ನ ಟ್ರೇಲರ್‌ಗೆ ಹಾಕ್ಕೊಂಡು ಹೋಗಿ ಗದ್ದೆ ಬದೂಲಿ ಜೋಡಿಸ್ಬೇಕು, ಇಬ್ರು ಇದ್ರೆ ಆಗೋ ಕೆಲ್ಸ.

ಪ್ರಶ್ನೆ: ನೀವು ಯಾವಾಗ್ಲೂ ರೂಲ್ಸ್ ಹೇಳ್ತೀರಿ. ಟಿವಿಎಸ್ ಮೇಲೆ ಪ್ಲಾಸ್ಟಿಕ್ ಕೊಡ ಬಕೆಟ್ ಕಟ್ಕೊಂಡು ಹಳ್ಳಿ ಹಳ್ಳಿ ತಿರುಗೋ ಬಡವನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ? (ಹಾವೇರಿಯ ಓದುಗರು)

ಉತ್ತರ: ನಿಮ್ಮ ಮಾತು ಮನಸ್ಸಿಗೆ ತಾಗಿತು. ನಮ್ಮಪ್ಪನೂ ಸೈಕಲ್ ಮೇಲೆ ಬಟ್ಟೆ ಗಂಟು ಕಟ್ಕೊಂಡು ಸಂತೆಗೆ ಹೋಗ್ತಿದ್ದೋರು, ಆ ಗಾಡಿ ಮೇಲೆ ಒಂದು ಮನೆ ನಡೀತಿರುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಆತ ಸಂಜೆ ಮನೆಗೆ ವಾಪಸ್ ಬರ್ಲಿ ಅಂತ ಹೇಳ್ತಿರೋದು. ಕೊಡದ ಲೋಡಿಗೆ ತೂಕ ಇಲ್ಲ, ಗಾತ್ರ ಇದೆ. ಹೆದ್ದಾರೀಲಿ ಬಸ್ಸು ಪಕ್ಕದಲ್ಲಿ ರಭಸವಾಗಿ ಹೋದಾಗ ಆ ಗಾಳಿ ಮೊದ್ಲು ತಳ್ಳುತ್ತೆ, ಬಸ್ಸು ದಾಟಿದ ಕೂಡ್ಲೆ ಒಳಕ್ಕೆ ಎಳೆಯುತ್ತೆ, ಹಗುರ ಲೋಡಾದ್ರಿಂದ ಗಾಳಿಪಟದ ಥರ. ಆತನಿಗೆ ಹಿಂದೇನೂ ಕಾಣಲ್ಲ, ಕನ್ನಡಿ ಇದ್ರೂ ಕೊಡಾನೇ ಕಾಣ್ಸೋದು. ಕನ್ನಡಿಗೆ ಉದ್ದ ಕಡ್ಡಿ ಹಾಕಿಸ್ಲಿ, ಲೋಡನ್ನ ಪಕ್ಕಕ್ಕಿಂತ ಹಿಂದಕ್ಕೆ ಕಟ್ಲಿ, ಟೇಲ್ ಲ್ಯಾಂಪ್ ಮುಚ್ದಂಗೆ ನೋಡ್ಕೊಳ್ಲಿ, ಆದಷ್ಟು ಹಳ್ಳಿ ರಸ್ತೆ ಹಿಡೀಲಿ. ನೀವು ಕಾರಲ್ಲಿ ಹೋಗೋರಾದ್ರೆ ಅವರನ್ನ ದಾಟೋವಾಗ ಒಂದ್ ಆಳು ಜಾಗ ಜಾಸ್ತಿ ಬಿಡಿ, ಹಾರ್ನ್ ಹೊಡೆದು ಬೆಚ್ಚಿಬೀಳಿಸ್ಬೇಡಿ.

ಪ್ರಶ್ನೆ: ಹೈವೇಲಿ ಅಪಾಯದ ಗಾಡಿ ಕಂಡ್ರೆ ಯಾರಿಗೆ ಹೇಳೋದು? ನಾನೇ ಹಿಂದೆ ಹೋಗಿ ವಿಡಿಯೋ ಮಾಡಿದ್ದೆ. (ದಾವಣಗೆರೆಯ ಓದುಗರು)

ಉತ್ತರ: ಹಿಂದೆ ಹೋಗ್ಬೇಡಿ, ಗಾಡಿ ಓಡಿಸ್ತಾ ವಿಡಿಯೋ ಮಾಡಿದ್ರೆ ನಿಮ್ಮ ಗಾಡೀನೂ ಅಪಾಯದ್ದೇ ಆಯ್ತು. ರಾಷ್ಟ್ರೀಯ ಹೆದ್ದಾರಿ ಆದ್ರೆ 1033, ಎಲ್ಲಿ ಆದ್ರೂ ತುರ್ತು ಇದ್ರೆ 112. ಗಾಡಿ ನಂಬರ್‌ಗಿಂತ ಮೊದ್ಲು ಜಾಗ ಹೇಳಿ, ಹೆದ್ದಾರಿ ಪಕ್ಕ ಕಿಲೋಮೀಟರ್ ಕಲ್ಲಿನ ಮೇಲೆ ಬರ್ದಿರೋ ಸಂಖ್ಯೆ, ಯಾವ ಕಡೆಗೆ ಹೋಗ್ತಿದೆ ಅಂತ. ರಾತ್ರಿ ಲೈಟಿಲ್ದೆ ರಸ್ತೆ ಮೇಲೇ ಕೆಟ್ಟು ನಿಂತ ಲಾರಿ ಕಂಡ್ರಂತೂ ಮುಂದೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ ಫೋನ್ ಮಾಡ್ಲೇಬೇಕು. ಓಡೋ ಗಾಡಿಗಿಂತ ನಿಂತಿರೋ ಗಾಡಿಗೆ ಹಿಂದಿಂದ ಗುದ್ದಿ ಸತ್ತವರ ಕೇಸೇ ನನ್ನ ಕೈಲಿ ಜಾಸ್ತಿ ಬಂದಿತ್ತು.

ಪ್ರಶ್ನೆ: ನೀವು ಹೋದ ವರ್ಷ ಬರೆದಿದ್ದು ಓದಿ ನಮ್ಮ ಟ್ರೇಲರ್‌ಗೆ, ಎತ್ತಿನ ಗಾಡಿಗೆ ಎರಡಕ್ಕೂ ರಿಫ್ಲೆಕ್ಟರ್ ಟೇಪ್ ತಂದು ಹಚ್ಚಿದ್ವಿ. ಹದಿನೈದು ದಿನಕ್ಕೆ ಕಿತ್ಕೊಂಡು ಬಂತು. ಯಾವ ಬಣ್ಣ ಎಲ್ಲಿಗೆ ಅಂತಾನೂ ಹೇಳಿ. (ಚನ್ನಗಿರಿಯ ಓದುಗರು)

ಉತ್ತರ: ನೀವು ಹಚ್ಚಿದ್ರಲ್ಲ, ಅದು ಓದಿ ಎಷ್ಟು ಖುಷಿಯಾಯ್ತು ಅಂತ ಹೇಳೋಕಾಗಲ್ಲ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಕಿತ್ಕೊಂಡು ಬರೋದು ಟೇಪ್ ತಪ್ಪಲ್ಲ, ಕೆಳಗಿರೋ ಧೂಳು, ಗ್ರೀಸು. ಮೊದ್ಲು ತುಕ್ಕು ಇದ್ರೆ ಉಜ್ಜಿ ತೆಗೀರಿ, ಸೋಪ್ ನೀರಲ್ಲಿ ತೊಳ್ದು ಒಣಗಿಸಿ, ಥಿನ್ನರ್ ಹಾಕಿದ ಬಟ್ಟೆಲಿ ಒರೆಸಿ, ಆಮೇಲೆ ಬಿಸಿಲಿರೋ ಹೊತ್ತಲ್ಲಿ ಹಚ್ಚಿ. ರಿವೆಟ್ ಬಂದ ಕಡೆ ಅದರ ಮೇಲೆ ಎಳೀಬೇಡಿ, ಅಲ್ಲಿ ಕತ್ತರಿಸಿ ಮತ್ತೆ ಶುರು ಮಾಡಿ. ಎತ್ತಿನ ಗಾಡಿ ಮರದ ಮೇಲೆ ಟೇಪ್ ನೇರವಾಗಿ ನಿಲ್ಲಲ್ಲ, ಒಂದು ತಗಡಿಗೆ ಹಚ್ಚಿ ತಗಡನ್ನ ಮೊಳೆ ಹೊಡೀರಿ.

ಹಚ್ಚಿ ಆದ್ಮೇಲೆ ರಾತ್ರಿ ನೂರು ಹೆಜ್ಜೆ ಹಿಂದೆ ಹೋಗಿ ಟಾರ್ಚ್ ಬಿಟ್ಟು ನೋಡಿ. ಟಾರ್ಚನ್ನ ಸೊಂಟದ ಹತ್ರ ಹಿಡಿದ್ರೆ ಗೊತ್ತಾಗಲ್ಲ, ಕಣ್ಣಿನ ಪಕ್ಕದಲ್ಲೇ ಹಿಡೀಬೇಕು, ಯಾಕಂದ್ರೆ ಈ ಟೇಪು ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳ್ಸುತ್ತೆ. ಮಂಕಾಗಿ ಕಂಡ್ರೆ ಟೇಪ್ ಹಾಳಾಗಿದೆ ಅಂತ ಹೊಸದು ತರೋಕೆ ಹೋಗ್ಬೇಡಿ. ಮೇಲೆ ಕೆಸರು ಮೆತ್ಕೊಂಡಿರುತ್ತೆ, ಒಂದು ಒದ್ದೆ ಬಟ್ಟೆ ತಗೊಂಡು ಒರೆಸಿ ಮತ್ತೆ ನೋಡಿ.